ನನ್ನ ತಾಯಿಯ ಹೆಸರನ್ನೂ ಓದಿ: ಮೈಸೂರು ಸೀಮೆಯ ಕ್ರೈಸ್ತ ಬೋಧಕರಿಗೆ ಒಂದು ಬಹಿರಂಗ ಪತ್ರ

ಮೈಸೂರು, ಮಂಡ್ಯ ಜಿಲ್ಲೆಗಳ ಪೂಜ್ಯ ಗುರುಗಳೇ, ಸಭಾಪಾಲಕರೇ, ಉಪದೇಶಿಗಳೇ, ಮನೆ ಮನೆಗೆ ಹೋಗಿ ಪ್ರಾರ್ಥನೆ ನಡೆಸುವ ಬೋಧಕರೇ,

ತಮಗೆಲ್ಲರಿಗೂ ವಂದನೆಗಳು.

ಮಹಾಲಯ ಅಮಾವಾಸ್ಯೆ ಕಳೆಯಿತು. ನನ್ನ ತಾಯಿಯ ತವರು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ನಾಲೆಯ ಪಕ್ಕದಲ್ಲಿ, ಕಬ್ಬಿನ ಗದ್ದೆಗಳ ನಡುವೆ ಇದೆ. ಅಲ್ಲಿ ನನ್ನ ಸೋದರಮಾವನ ಮಕ್ಕಳು ಹಿರಿಯರಿಗೆ ಎಡೆ ಇಟ್ಟರು. ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲವೆಂದು ತಿಳಿದು, ಕೊಟ್ಟ ಮನೆಯ ಹೆಣ್ಣಾದರೂ ಅವಳಿಗೊಂದು ಎಲೆ ಹಾಕಿ, ಅವಳಿಗೆ ಇಷ್ಟವಾದ ಕಜ್ಜಾಯವಿಟ್ಟು ಕೈಮುಗಿದರಂತೆ. ಇನ್ನು ಕೆಲವು ವಾರಗಳಲ್ಲಿ ನವೆಂಬರ್ 2 ಬರುತ್ತದೆ. ಅಂದು ಸಕಲ ಮೃತರ ಸ್ಮರಣೆಯ ದಿನ. ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ನಮ್ಮ ನಮ್ಮ ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಗುರುಗಳ ಕೈಗೆ ಕೊಡುತ್ತೇವೆ. ಈ ಎರಡು ದಿನಗಳ ನಡುವೆ ಕುಳಿತು ತಮಗೆ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂದೆ ಶ್ರೀರಂಗಪಟ್ಟಣದ ಕಡೆಯ ಹಳೆಯ ಕಥೋಲಿಕ ಮನೆತನದವರು. ತಾಯಿ ಒಕ್ಕಲಿಗರ ಮನೆಯ ಮಗಳು. ಮದುವೆಗೆ ಧರ್ಮಸಭೆಯಿಂದ, ಅಂದರೆ ಕಥೋಲಿಕ ಚರ್ಚಿನಿಂದ, ವಿಶೇಷ ಅನುಮತಿ ಪಡೆದಿದ್ದರು. ಹುಟ್ಟುವ ಮಕ್ಕಳಿಗೆಲ್ಲ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಿಸಿ ಕ್ರೈಸ್ತ ವಿಶ್ವಾಸದಲ್ಲಿ ಬೆಳೆಸುತ್ತೇವೆಂದು ಆ ಕಾಲದಲ್ಲಿ ಗಂಡ ಹೆಂಡತಿ ಇಬ್ಬರೂ ಮಾತು ಕೊಡಬೇಕಿತ್ತು. ತಂದೆ ಕೆಲಸದ ಮೇಲೆ ಊರೂರು ಅಲೆಯುತ್ತಿದ್ದರು. ಮಾತನ್ನು ಉಳಿಸಿದವಳು ತಾಯಿ. ಭಾನುವಾರ ಬೆಳಗಾಗುವ ಮುಂಚೆ ಐದು ಮಕ್ಕಳಿಗೆ ತಲೆ ಬಾಚಿ, ನಡೆಸಿಕೊಂಡು ಹೋಗಿ, ನಮ್ಮನ್ನು ಮುಂದೆ ಕೂರಿಸಿ ತಾನು ಕಡೆಯ ಬೆಂಚಿನ ತುದಿಯಲ್ಲಿ ಕುಳಿತುಕೊಳ್ಳುತ್ತಿದ್ದಳು. 'ನಮೋ ಮರಿಯ' ಪ್ರಾರ್ಥನೆಯನ್ನು ನಾನು ಕಲಿತದ್ದು ಅವಳಿಂದ, ಅವಳು ಅವರೆಕಾಯಿ ಸುಲಿಯುವಾಗ. ಒಂದು ಪದ ತಪ್ಪಿದರೂ ಮೊದಲಿನಿಂದ ಹೇಳಿಸುತ್ತಿದ್ದಳು. ಶುಕ್ರವಾರ ಚಾಮುಂಡಿಯ ಪಟದ ಮುಂದೆ ದೀಪ ಹಚ್ಚುತ್ತಿದ್ದಳು. ಮೊಣಕಾಲು ಕೈಕೊಡುವವರೆಗೆ ಆಷಾಢದಲ್ಲಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದಳು. ಹಿರಿಯ ಗುರುಗಳೊಬ್ಬರು ಪ್ರೀತಿಯಿಂದಲೇ ಕೇಳಿದ್ದರು, ದೀಕ್ಷಾಸ್ನಾನ ಪಡೆಯುತ್ತೀಯಾ ಅಮ್ಮ ಎಂದು. "ನನ್ನ ಅಪ್ಪ ಅವ್ವ ಎಲ್ಲಿದ್ದಾರೋ ನನಗೂ ಅಲ್ಲಿಯೇ ಜಾಗ ಸಿಗಲಿ ಸ್ವಾಮಿ" ಎಂದಳು. ಅವರು ಮತ್ತೆ ಕೇಳಲಿಲ್ಲ.

ಕಳೆದ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳು ತೀರಿಕೊಂಡಳು. ತವರಿನವರ ಪದ್ಧತಿಯಂತೆ ದಹನವಾಯಿತು; ಅಸ್ಥಿಯನ್ನು ಕಾವೇರಿಯ ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು. ನಮ್ಮ ವಿಚಾರಣೆಯ, ಅಂದರೆ ನಮ್ಮ ಚರ್ಚಿನ ವ್ಯಾಪ್ತಿಯ, ಗುರುಗಳು ಬಂದು ಚಿತೆ ಇಳಿಯುವವರೆಗೆ ಬಿಸಿಲಿನಲ್ಲಿ ನಿಂತಿದ್ದರು. ಏನೂ ಮಾತನಾಡಲಿಲ್ಲ. ಆ ಮೌನಕ್ಕಾಗಿ ನಾನು ಬದುಕಿರುವಷ್ಟು ದಿನ ಅವರಿಗೆ ಋಣಿ.

ಒಂಬತ್ತನೆಯ ದಿನ, ಹೊಸದಾಗಿ ಬೇರೊಂದು ಸಭೆಗೆ ಸೇರಿರುವ ನಮ್ಮ ಬಂಧುವೊಬ್ಬರು ಒಬ್ಬ ಬೋಧಕರನ್ನು ಮನೆಗೆ ಕರೆತಂದರು. ಸಾಂತ್ವನದ ಪ್ರಾರ್ಥನೆ ಎಂದರು. ಚಾಪೆ ಹಾಸಿ ಕೂರಿಸಿದೆವು. ಅವರು ಬೈಬಲಿನಲ್ಲಿ ಲೂಕನ ಶುಭಸಂದೇಶದ 16ನೆಯ ಅಧ್ಯಾಯ ತೆರೆದು, ಧನಿಕನೂ ಲಾಜರನೂ ಸತ್ತ ಕಥೆ ಓದಿದರು. ಬೆಂಕಿಯಲ್ಲಿ ಬೇಯುತ್ತಾ ಒಂದು ಹನಿ ನೀರಿಗಾಗಿ ಬೇಡುವ ಧನಿಕ, ಯಾರೂ ದಾಟಲಾಗದ ದೊಡ್ಡ ಕಂದರ. ಬಳಿಕ ಪುಸ್ತಕ ಮುಚ್ಚಿ, ನಿಮ್ಮ ತಾಯಿ ಈಗ ಆ ಕಡೆ ಇದ್ದಾರೆ, ಅವರಿಗಾಗಿ ಮಾಡುವುದು ಏನೂ ಉಳಿದಿಲ್ಲ, ನೀವಾದರೂ ಎಚ್ಚೆತ್ತುಕೊಳ್ಳಿ ಎಂದರು. ಅವರ ಕಣ್ಣಲ್ಲಿ ದ್ವೇಷವಿರಲಿಲ್ಲ. ನೀರಿತ್ತು. ನೆರೆಯವರು ನಾಶವಾಗುತ್ತಿದ್ದಾರೆ ಎಂದು ನಿಜವಾಗಿ ನಂಬಿದವನು ಬಾಯಿ ಮುಚ್ಚಿಕೊಂಡು ಕೂರಲಾರ ಎಂಬುದನ್ನು ನಾನು ಬಲ್ಲೆ. ಆದರೆ ಅವರು ಹೋದ ಮೇಲೆ ನನ್ನ ತಂಗಿಯ ಮೊಮ್ಮಗ, ಎಂಟು ವರ್ಷದವನು, ದೊಡ್ಡಜ್ಜಿಗೆ ಈಗ ಬಾಯಾರಿಕೆಯಾಗಿದೆಯೇ ಎಂದು ಕೇಳಿದ. ರಾತ್ರಿ ಎದ್ದು ನೋಡಿದರೆ ಅವಳ ಫೋಟೊದ ಮುಂದೆ ಒಂದು ಲೋಟ ನೀರು ಇಟ್ಟಿದ್ದ.

ಆ ಲೋಟವೇ ಈ ಪತ್ರವನ್ನು ಬರೆಸುತ್ತಿದೆ.

ನಾನು ನಿವೃತ್ತ ಕನ್ನಡ ಶಿಕ್ಷಕಿ, ಗುರುಮಠದಲ್ಲಿ ದೇವಶಾಸ್ತ್ರ ಓದಿದವಳಲ್ಲ. ಆದರೆ ಒಂದು ಪಠ್ಯವನ್ನು ಗಮನವಿಟ್ಟು ಓದುವುದು ನನ್ನ ಜೀವಮಾನದ ಕಸುಬು. ಆ ದಿನದಿಂದ ಲೂಕನ 16ನೆಯ ಅಧ್ಯಾಯವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಬೆಂಕಿಯಲ್ಲಿರುವ ಧನಿಕ ಯಾರು? ಅವನು ಯೆಹೂದ್ಯರ ಮೂಲಪಿತೃ ಅಬ್ರಹಾಮನನ್ನು 'ತಂದೆಯೇ' ಎಂದು ಕೂಗುತ್ತಾನೆ. ಅಬ್ರಹಾಮನೂ ಅವನನ್ನು 'ಮಗನೇ' ಎನ್ನುತ್ತಾನೆ. ಅವನ ಮನೆಯಲ್ಲಿ ಮೋಶೆಯ ಧರ್ಮಶಾಸ್ತ್ರವಿದೆ, ಪ್ರವಾದಿಗಳ ಗ್ರಂಥಗಳಿವೆ. ಅಂದರೆ ಅವನು ಅನ್ಯಧರ್ಮೀಯನಲ್ಲ, ದೇವರ ಒಡಂಬಡಿಕೆಯ ಒಳಗೇ ಹುಟ್ಟಿದವನು. ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದವನನ್ನು ದಾಟಿಕೊಂಡು ಓಡಾಡಿದ್ದು ಅವನ ಪಾಪ. ಲಾಜರನ ವಿಶ್ವಾಸ ಎಂಥದ್ದೆಂದು ಯೇಸು ಒಂದು ಮಾತನ್ನೂ ಹೇಳುವುದಿಲ್ಲ. ಹಸಿದು ಬಂದ ಯಾರನ್ನೂ ಬಾಗಿಲಿನಿಂದ ಹಾಗೆಯೇ ಕಳಿಸದ ಒಬ್ಬ ಮುದುಕಿಯ ಮನೆಯಲ್ಲಿ ಈ ಕಥೆಯನ್ನು ಅವಳ ವಿರುದ್ಧ ಓದಿದರು. ನನಗೆ ಹೆಚ್ಚು ನೋವಾದದ್ದು ಅದು.

ಕಠಿಣವಾದ ವಾಕ್ಯಗಳಿಂದ ನಾನು ಓಡಿಹೋಗುತ್ತಿಲ್ಲ. 'ನಾನೇ ಮಾರ್ಗ, ಸತ್ಯ, ಜೀವ. ನನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರಲಾರರು' ಎಂಬುದು ಯೇಸುವಿನ ಮಾತು. ಬೇರೆ ಯಾವ ಹೆಸರಿನಿಂದಲೂ ರಕ್ಷಣೆಯಿಲ್ಲ ಎಂದು ಯೇಸುವಿನ ಶಿಷ್ಯ ಪೇತ್ರನು ಯೆರೂಸಲೇಮಿನ ಹಿರಿಯರ ಮುಂದೆ ಹೇಳಿದ. ಇವನ್ನು ನಂಬುವುದರಿಂದಲೇ ನಾನು ಕ್ರೈಸ್ತಳು. ಸೌಹಾರ್ದ ಸಭೆಗಳ ವೇದಿಕೆಯ ಮೇಲೆ ನಮ್ಮವರೇ ಕೆಲವರು, ನದಿಗಳೆಲ್ಲ ಸೇರುವುದು ಒಂದೇ ಕಡಲಿಗೆ, ಎಲ್ಲ ಧರ್ಮಗಳೂ ಒಂದೇ ಎಂದು ಸುಲಭವಾಗಿ ಹೇಳಿ ಹಾರ ಹಾಕಿಸಿಕೊಳ್ಳುವಾಗ ನನಗೆ ಸಮಾಧಾನವಾಗುವುದಿಲ್ಲ. ನನ್ನ ತಾಯಿಯೂ ಅದನ್ನು ಒಪ್ಪುತ್ತಿರಲಿಲ್ಲ. ತನ್ನ ದೇವಿ ಬೇರೆ, ಮಕ್ಕಳ ಯೇಸು ಬೇರೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಎರಡನ್ನೂ ಕಲಸದೆ ಇಬ್ಬರಿಗೂ ಗೌರವ ಕೊಟ್ಟಳು. ನನ್ನ ಪ್ರಶ್ನೆ ಬೇರೆ. ಯಾರೇ ರಕ್ಷಣೆ ಹೊಂದಿದರೂ ಕ್ರಿಸ್ತನ ಮೂಲಕವೇ ಎಂದು ನಾವು ನಂಬುವಾಗ, ಆ ಕ್ರಿಸ್ತನ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು ಅಳೆದು ಗೆರೆ ಎಳೆಯುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ರಕ್ಷಣೆ ಹೊಂದುವವರು ಕೆಲವರು ಮಾತ್ರವೇ ಎಂದು ಒಬ್ಬನು ಯೇಸುವನ್ನು ನೇರವಾಗಿಯೇ ಕೇಳಿದ್ದು ಲೂಕನ 13ನೆಯ ಅಧ್ಯಾಯದಲ್ಲಿದೆ. ಯೇಸು ಲೆಕ್ಕ ಹೇಳಲಿಲ್ಲ. ಇಕ್ಕಟ್ಟಾದ ಬಾಗಿಲಿನಿಂದ ಒಳಹೋಗಲು ನೀವು ಹೆಣಗಿರಿ ಎಂದು ಕೇಳಿದವನ ಕಡೆಗೇ ತಿರುಗಿಸಿದರು. ನಿನ್ನ ಜೊತೆ ಉಂಡೆವು, ನಮ್ಮ ಬೀದಿಯಲ್ಲೇ ನೀನು ಬೋಧಿಸಿದೆ ಎಂದು ಪರಿಚಯ ಹೇಳಿಕೊಳ್ಳುವವರು ಹೊರಗುಳಿದಾರು, ಪೂರ್ವ ಪಶ್ಚಿಮ ಉತ್ತರ ದಕ್ಷಿಣಗಳಿಂದ ಜನ ಬಂದು ದೇವರ ರಾಜ್ಯದ ಪಂಕ್ತಿಯಲ್ಲಿ ಕುಳಿತಾರು ಎಂದರು. ರೋಮಿನ ಶತಾಧಿಪತಿಯನ್ನು ಕಂಡು, ಇಸ್ರಯೇಲಿನಲ್ಲೂ ಇಂಥ ವಿಶ್ವಾಸ ಕಾಣಲಿಲ್ಲ ಎಂದು ಬೆರಗಾದದ್ದೂ ಅವರೇ. ನಜರೇತಿನಲ್ಲಿ ಅವರು ಸರೆಪ್ತದ ವಿಧವೆಯ ಮಾತೆತ್ತಿ, ಸಿರಿಯದ ನಾಮಾನನ ಮಾತೆತ್ತಿ, ದೇವರು ಹೊರಗಿನವರ ಬಳಿಗೆ ಹೋದದ್ದನ್ನು ನೆನಪಿಸಿದ್ದಕ್ಕೆ, ಸಭಾಮಂದಿರದಲ್ಲಿ ಕುಳಿತಿದ್ದ ಭಕ್ತರೇ ಎದ್ದು ಅವರನ್ನು ಬೆಟ್ಟದ ತುದಿಯಿಂದ ದೊಬ್ಬಲು ಹೋದರು. ಇನ್ನು ನಮ್ಮಂಥ ಮನೆಗಳಿಗೆಂದೇ ಬರೆದಂತಿರುವ ಸಂತ ಪೌಲನ ಮಾತೊಂದಿದೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ: ವಿಶ್ವಾಸವಿಲ್ಲದ ಹೆಂಡತಿ ಗಂಡನ ಮೂಲಕ ಪವಿತ್ರಳಾಗಿದ್ದಾಳೆ. ಅರವತ್ತು ವರ್ಷಗಳಲ್ಲಿ ಈ ವಾಕ್ಯದ ಮೇಲೆ ಒಂದೇ ಒಂದು ಪ್ರಬೋಧನೆಯನ್ನೂ ನಾನು ಕೇಳಿಲ್ಲ. ಅಂತರ್ಧರ್ಮೀಯ ವಿವಾಹದ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ತಮಗೆ ಗೊತ್ತಿದ್ದೂ!

ಇತಿಹಾಸವನ್ನೂ ಮರೆಮಾಚಬಾರದು. 'ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ' ಎಂಬ ಮಾತು 3ನೆಯ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯನರದು. ಸಭೆಯಿಂದ ಒಡೆದು ಹೋದ ಕ್ರೈಸ್ತರು ಕೊಡುವ ದೀಕ್ಷಾಸ್ನಾನ ಸಲ್ಲುತ್ತದೆಯೇ ಎಂಬ ಜಗಳದ ನಡುವೆ ಅವರು ಅದನ್ನು ಬರೆದರು. ಕಾವೇರಿಯ ದಡದಲ್ಲಿ ಹುಟ್ಟಿದವರು ಅವರ ಮನಸ್ಸಿನಲ್ಲಿ ಇರಲಿಲ್ಲ. ಆದರೆ 1442ರಲ್ಲಿ ಧರ್ಮಸಭೆಯ ಫ್ಲಾರೆನ್ಸ್ ಮಹಾಸಭೆ ಸುತ್ತುಬಳಸಿಲ್ಲದೆ, ಸಾಯುವ ಮುನ್ನ ಸಭೆಗೆ ಸೇರದ ಅನ್ಯಧರ್ಮೀಯರು, ಯೆಹೂದ್ಯರು, ಪಾಷಂಡಿಗಳು ನಿತ್ಯಾಗ್ನಿಗೆ ಹೋಗುತ್ತಾರೆ ಎಂದಿತು. ಶುಭಸಂದೇಶ ಲೋಕದ ಎಲ್ಲೆಡೆಗೂ ಮುಟ್ಟಿಯಾಗಿದೆ, ಇನ್ನೂ ಒಪ್ಪದವರು ಬೇಕೆಂದೇ ತಿರಸ್ಕರಿಸಿದವರು ಎಂಬುದು ಅಂದಿನ ಯುರೋಪಿನ ಸಾಮಾನ್ಯ ತಿಳಿವಳಿಕೆ. ಸರಿಯಾಗಿ ಐವತ್ತು ವರ್ಷಗಳ ಬಳಿಕ ಕೊಲಂಬಸನ ಹಡಗುಗಳು ಯೇಸುವಿನ ಹೆಸರನ್ನೇ ಕೇಳಿರದ ಜನರ ತೀರಕ್ಕೆ ಬಂದು ನಿಂತವು. ಅಲ್ಲಿಂದ ಆ ತಿಳಿವಳಿಕೆಯ ಬುಡ ಅಲುಗಿತು.

ಆ ಅಲುಗಾಟವನ್ನು ಎದೆಯಲ್ಲಿ ಅನುಭವಿಸಿದವರು ಸಂತ ಫ್ರಾನ್ಸಿಸ್ ಜೇವಿಯರ್. ಗೋವೆಗೆ ಹೋಗಿ ಅವರ ಪಾರ್ಥಿವ ಶರೀರಕ್ಕೆ ಕೈಮುಗಿದು ಬಂದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರು 1549ರಲ್ಲಿ ಜಪಾನಿಗೆ ಹೋದರು. ಅಲ್ಲಿಯ ಹೊಸ ಕ್ರೈಸ್ತರು, ನಮ್ಮ ಸತ್ತ ತಂದೆತಾಯಿಯರ ಗತಿ ಏನು ಎಂದು ಕೇಳಿದರು. ಅವರು ನರಕದಲ್ಲಿದ್ದಾರೆ, ಪ್ರಾರ್ಥನೆಯಿಂದಾಗಲಿ ದಾನದಿಂದಾಗಲಿ ಬಿಡಿಸಲಾಗದು ಎಂದು ಜೇವಿಯರ್ ಉತ್ತರಿಸಿದರು. ಆ ಜನ ಅಳುವುದನ್ನು ನಿಲ್ಲಿಸಲಿಲ್ಲವೆಂದೂ, ತಮ್ಮ ಪ್ರೀತಿಯ ಸ್ನೇಹಿತರು ಹಾಗೆ ಅಳುವುದನ್ನು ಕಂಡು ತಮಗೂ ಸಂಕಟವಾಯಿತೆಂದೂ 1552ರ ಪತ್ರದಲ್ಲಿ ಅವರೇ ಬರೆದಿದ್ದಾರೆ. ಆ ಪತ್ರದ ಮಾತು ಓದಿದ ದಿನ ನನ್ನ ತಾಯಿ ಗುರುಗಳಿಗೆ ಕೊಟ್ಟ ಉತ್ತರ ನೆನಪಾಗಿ ಕುಳಿತುಬಿಟ್ಟೆ. ಜಪಾನಿನ ಆ ಮಕ್ಕಳ ಪ್ರಶ್ನೆ, ಅವಳ ಉತ್ತರ, ಲೋಟದಲ್ಲಿ ನೀರಿಟ್ಟ ಹುಡುಗನ ಆತಂಕ ಎಲ್ಲವೂ ಒಂದೇ. ಜೇವಿಯರ್ ತಮ್ಮ ಕಾಲದ ಪಾಠ ಒಪ್ಪಿಸಿದರು. ಅವರನ್ನು ದೂರಲಾರೆ. ಆದರೆ ಅವರು ಕೊಟ್ಟ ಉತ್ತರವನ್ನೇ ಇಂದಿಗೂ ಕೊಡುವವರನ್ನು ಕಂಡಾಗ, ನಾಲ್ಕೂವರೆ ಶತಮಾನಗಳಲ್ಲಿ ಧರ್ಮಸಭೆ ಪ್ರಾರ್ಥಿಸಿ, ಚರ್ಚಿಸಿ ತಲುಪಿದ ಜಾಗ ಇವರಿಗೆ ಯಾಕೆ ಕಾಣುವುದಿಲ್ಲ ಎಂದು ಕೇಳಬೇಕೆನಿಸುತ್ತದೆ.

1863ರಲ್ಲಿ ಒಂಬತ್ತನೆಯ ಪಿಯುಸ್ ಜಗದ್ಗುರುಗಳು (ಪೋಪ್), ತಮ್ಮದಲ್ಲದ ತಪ್ಪಿನಿಂದ ಸತ್ಯವನ್ನು ತಿಳಿಯದೆ, ಹೃದಯದಲ್ಲಿ ಬರೆದಿರುವ ಧರ್ಮದಂತೆ ನೇರವಾಗಿ ಬಾಳುವವರು ದೇವರ ಕೃಪೆಯಿಂದ ನಿತ್ಯಜೀವ ಪಡೆಯಬಲ್ಲರು ಎಂದರು. ಬಾಸ್ಟನ್ನಿನ ಫಾದರ್ ಲಿಯೊನಾರ್ಡ್ ಫೀನಿ ಎಂಬವರು ಕಥೋಲಿಕರಲ್ಲದವರಿಗೆ ರಕ್ಷಣೆಯೇ ಇಲ್ಲವೆಂದು ಬೋಧಿಸುತ್ತಿದ್ದರು. 1949ರಲ್ಲಿ ರೋಮ್ ಆ ಬೋಧನೆಯನ್ನು ತಿದ್ದಿತು, ಕರೆದರೂ ಬಾರದೆ ಹಟ ಹಿಡಿದ ಅವರನ್ನು 1953ರಲ್ಲಿ ಬಹಿಷ್ಕರಿಸಿತು. ಬಳಿಕ ಎರಡನೆಯ ವ್ಯಾಟಿಕನ್ ಮಹಾಸಭೆ. 1964ರ ನವೆಂಬರಿನಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ 16ನೆಯ ಪರಿಚ್ಛೇದದಲ್ಲಿ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ, ಅಂತಃಸಾಕ್ಷಿಗೆ ತಿಳಿದಂತೆ ನಡೆಯುವವರಿಗೂ ರಕ್ಷಣೆ ಸಾಧ್ಯವೆಂದು ಮಹಾಸಭೆ ಹೇಳಿತು. ಮರುವರ್ಷ ಅಕ್ಟೋಬರ್ 28ರಂದು ಬಂದ ಘೋಷಣೆ ಹಿಂದೂ ಧರ್ಮದ ಹೆಸರನ್ನೇ ಎತ್ತಿ, ಈ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದಿತು. ನ್ಯಾಯವಾಗಿ ಇದನ್ನೂ ಹೇಳಬೇಕು: 2000ದಲ್ಲಿ ರೋಮ್ ಹೊರಡಿಸಿದ ಇನ್ನೊಂದು ಘೋಷಣೆ, ಎಲ್ಲ ಧರ್ಮಗಳೂ ಸಮಾನ ಮಾರ್ಗಗಳೆಂಬ ಮಾತನ್ನು ನಿರಾಕರಿಸಿ, ಧರ್ಮಸಭೆಯ ಪೂರ್ಣ ಸಾಧನಗಳಿರುವವರಿಗೆ ಹೋಲಿಸಿದರೆ ಇತರರ ಸ್ಥಿತಿ ಬಹಳ ಕೊರತೆಯದು ಎಂದಿತು. ಆ ಮಾತು ನನಗೆ ಕಹಿಯಾಯಿತು. ಆದರೆ ಅವರಿಗೂ ದೇವರ ಕೃಪೆ ದೊರೆಯಬಲ್ಲದು ಎಂಬುದನ್ನು ಅದೇ ಘೋಷಣೆಯೂ ಒಪ್ಪುತ್ತದೆ.

ಅಕ್ಟೋಬರ್ 28 ಎಂದೆ. ನಮ್ಮ ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದು 1933ರ ಅದೇ ಅಕ್ಟೋಬರ್ 28ರಂದು. ರೋಮ್ ಆ ಮಾತು ಹೇಳುವುದಕ್ಕೆ 32 ವರ್ಷ ಮುಂಚೆ. ದೈವಕರುಣೆ ಮತ್ತು ಮನುಷ್ಯರ ಕೃತಜ್ಞತೆ ಎಂಬ ಎರಡು ಬುನಾದಿಗಳ ಮೇಲೆ ಈ ದೇವಾಲಯ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅಂದು ಮಹಾರಾಜರು ಹೇಳಿದ್ದರು. ಚಾಮುಂಡೇಶ್ವರಿಯ ಭಕ್ತರಾದ ದೊರೆ ಇಟ್ಟ ಕಲ್ಲಿನ ಮೇಲೆ ನಮ್ಮ ಬಲಿಪೀಠ ನಿಂತಿದೆ. ಆ ಪೀಠದ ಮುಂದೆ ಮೊಣಕಾಲೂರಿ ಎದ್ದು ಬಂದು, ಆ ದೊರೆಯೂ ನನ್ನ ತಾಯಿಯೂ ಬೆಂಕಿಯಲ್ಲಿದ್ದಾರೆ ಎಂದು ಹೇಳಲು ಯಾರಿಗಾದರೂ ನಾಲಿಗೆ ಬರುತ್ತದೆಯೇ?

ಪಶ್ಚಿಮವಾಹಿನಿಯಿಂದ ಹಿಂದಿರುಗುವಾಗ ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಗುರು ಅಬ್ಬೆ ದುಬೊಯಿಸ್ ಅವರ ಹೆಸರು ಹೊತ್ತಿರುವ ಹಳೆಯ ಚರ್ಚಿನ ನೆನಪಾಯಿತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದವರು ಅವರು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಅಸಾಧ್ಯವೆಂದು ಕೊನೆಗೆ ಕೈಚೆಲ್ಲಿ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅವರ ನಿರಾಶೆ ನನಗೆ ಹಿಡಿಸುವುದಿಲ್ಲ. ಆದರೆ ತಾವು ಭರವಸೆ ಕಳೆದುಕೊಂಡ ಇದೇ ಜನರ ಸಾವಿರಾರು ತೋಳುಗಳಿಗೆ ಅವರು ಸಿಡುಬು ತಡೆಯಲು ದೇವಿ ಹಾಕಿಸಿದರು. ಅವರ ಸಿದ್ಧಾಂತಕ್ಕಿಂತ ಅವರ ಕೈ ದೇವರನ್ನು ಹೆಚ್ಚು ಅರಿತಿತ್ತು ಎಂದು ನನಗೆ ತೋರುತ್ತದೆ.

ಸುಧಾರಿತ (ಪ್ರಾಟೆಸ್ಟಂಟ್) ಸಭೆಗಳ ಸಹೋದರರೇ, ವ್ಯಾಟಿಕನ್ನಿನ ಮಾತು ತಮ್ಮನ್ನು ಕಟ್ಟುವುದಿಲ್ಲ ಎಂದು ಬಲ್ಲೆ. ಆದರೆ ಮೈಸೂರಿನಲ್ಲಿ ಶಾಲೆ, ಮುದ್ರಣಾಲಯ, ಆಸ್ಪತ್ರೆಗಳನ್ನು ಕಟ್ಟಿದ್ದು ವೆಸ್ಲಿಯನ್ ಮಿಷನ್. ಅದರ ಮೂಲಪುರುಷ ಜಾನ್ ವೆಸ್ಲಿ ತಮ್ಮ ಇಳಿವಯಸ್ಸಿನ ಪ್ರಬೋಧನೆಯೊಂದರಲ್ಲಿ, ಹೊರಗಿರುವವರಿಗೆ ತೀರ್ಪು ಕೊಡಲು ದೇವರ ವಾಕ್ಯದಿಂದ ತಮಗೆ ಅಧಿಕಾರವಿಲ್ಲ, ಅನ್ಯಧರ್ಮೀಯರನ್ನೆಲ್ಲ ನರಕಕ್ಕೆ ನೂಕುವ ಹಕ್ಕು ಬದುಕಿರುವ ಯಾವ ಮನುಷ್ಯನಿಗೂ ಇಲ್ಲ, ಅವರನ್ನು ಸೃಷ್ಟಿಸಿದವನಿಗೇ ಬಿಡುವುದು ಮೇಲು ಎಂದು ಹೇಳಿದ್ದಾರೆ. ಲೋಕವೇ ತನ್ನ ವಿಚಾರಣೆಯ ಊರು ಎಂದು ಕುದುರೆಯ ಮೇಲೆ ಊರೂರು ಅಲೆದು ಸುವಾರ್ತೆ ಸಾರಿದ ಮನುಷ್ಯನ ಮಾತಿದು. ಸುವಾರ್ತೆ ಸಾರುವುದನ್ನು ಬಿಡಿ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ಸತ್ತವರ ಮೇಲಿನ ತೀರ್ಪನ್ನು ಸುವಾರ್ತೆ ಎಂದು ಕರೆಯಬೇಡಿ ಎನ್ನುತ್ತಿದ್ದೇನೆ.

ಇನ್ನು ನಮ್ಮ ಗುರುಗಳಿಗೆ. ಇಷ್ಟೆಲ್ಲ ಓದಿದ ಮೇಲೆ ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಯಾವ ಘೋಷಣೆಯೂ ಅಲ್ಲ, ನಾವು ದಿನವೂ ಕೇಳುವ ಪೂಜೆ. ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ತಾವು ಕ್ರಿಸ್ತನ ಶಾಂತಿಯಲ್ಲಿ ಮಡಿದವರನ್ನು ನೆನೆದು, ಅಷ್ಟಕ್ಕೇ ನಿಲ್ಲಿಸದೆ, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಆ ಎಲ್ಲ ಮೃತರನ್ನೂ ನೆನೆಯುತ್ತೀರಿ. ಆ ಸಾಲನ್ನು ಎಷ್ಟು ವರ್ಷ ಕೇಳಿದ್ದೆನೋ, ನನ್ನ ತಾಯಿ ಅದರಲ್ಲಿದ್ದಾಳೆ ಎಂದು ಹೊಳೆದದ್ದು ಈಗ. ಧರ್ಮಸಭೆಯ ಕಾನೂನಿನ 901ನೆಯ ನಿಯಮ, ಬದುಕಿರುವ ಅಥವಾ ಸತ್ತ ಯಾರಿಗಾಗಿಯೇ ಆಗಲಿ ಗುರುವು ಬಲಿಪೂಜೆ ಅರ್ಪಿಸಬಹುದು ಎನ್ನುತ್ತದೆ. ದೀಕ್ಷಾಸ್ನಾನ ಪಡೆದವರಿಗೆ ಮಾತ್ರ ಎಂದು ಅದು ಹೇಳುವುದಿಲ್ಲ. ನರಕದಲ್ಲಿರುವವರಿಗಾಗಿ ಯಾರೂ ಪೂಜೆ ಅರ್ಪಿಸುವುದಿಲ್ಲ ತಾನೆ? ದೀಕ್ಷಾಸ್ನಾನವಿಲ್ಲದೆ ಸತ್ತವರಿಗೂ ಪೂಜೆಯ ಬಾಗಿಲು ತೆರೆದಿಟ್ಟಿರುವ ಧರ್ಮಸಭೆ ಅವರ ಬಗ್ಗೆ ಭರವಸೆ ಬಿಟ್ಟಿಲ್ಲ ಎಂದೇ ಅರ್ಥ.

ಹೀಗಿರುವಾಗ ಈ ಸಂಗತಿ ಪೀಠದ ಮೇಲಿನ ಪುಸ್ತಕದಲ್ಲೇ ಯಾಕೆ ಉಳಿಯಬೇಕು? ಭಾನುವಾರದ ಕ್ರೈಸ್ತೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ. ಅವರ ಪಕ್ಕದ ಬೆಂಚಿನ ಗೆಳೆಯರು, ಎಷ್ಟೋ ಮಕ್ಕಳ ಅಜ್ಜ ಅಜ್ಜಿಯರು ಕ್ರೈಸ್ತರಲ್ಲ. ಅವರ ಪ್ರಶ್ನೆಗೆ ನಾವು ಉತ್ತರ ಕೊಡದಿದ್ದರೆ ಚಾಪೆಯ ಮೇಲೆ ಕುಳಿತ ಅಪರಿಚಿತರು ಕೊಡುತ್ತಾರೆ. ಕಠಿಣ ವಾಕ್ಯಗಳನ್ನು ಬಿಟ್ಟು ಹೇಳುವುದೂ ಬೇಡ. ಯೊವಾನ್ನನ 14ನೆಯ ಅಧ್ಯಾಯವನ್ನೂ ಲೂಕನ 13ನ್ನೂ ಒಟ್ಟಿಗೆ ತೆರೆದಿಡಿ, ಮಕ್ಕಳು ತೂಗಿ ನೋಡಬಲ್ಲರು. ಸಾವಿನ ಮನೆಗೆ ಹೋಗುವ ಬೋಧಕರೇ, ಅಲ್ಲಿ ಸತ್ತವರ ಲೆಕ್ಕ ತೀರಿಸಲು ಕೂರಬೇಡಿ. ನಮ್ಮ ಗುರುಗಳು ಚಿತೆಯ ಪಕ್ಕ ನಿಂತಂತೆ ಸುಮ್ಮನೆ ನಿಲ್ಲಿ, ಅತ್ತರೆ ಸಾಕು. ಮತ್ತು ನವೆಂಬರ್ 2ರಂದು ಚೀಟಿಗಳನ್ನು ಪಡೆಯುವಾಗ, ನಿಮ್ಮ ಹಿಂದೂ, ಮುಸ್ಲಿಂ, ಜೈನ ಬಂಧುಗಳ ಹೆಸರನ್ನೂ ಬರೆಯಿರಿ ಎಂದು ಹಿಂದಿನ ಭಾನುವಾರವೇ ಪೀಠದಿಂದ ಒಂದು ಮಾತು ಹೇಳಿ. ಹೇಳದಿದ್ದರೆ ಜನ ಅಳುಕುತ್ತಾರೆ. ಕಳೆದ ವರ್ಷ ನಾನೂ ಅಳುಕಿದೆ.

ಅಂದು ಚೀಟಿಯಲ್ಲಿ ಎರಡು ಹೆಸರು ಬರೆದಿದ್ದೆ. ಮೊದಲನೆಯದು ನನ್ನ ತಂದೆಯದು, ಸಂತರೊಬ್ಬರ ಹೆಸರು. ಎರಡನೆಯದು ನನ್ನ ತಾಯಿಯದು, ಅವಳ ಊರಿನ ಗ್ರಾಮದೇವತೆಯ ಹೆಸರು. ಸಾಲಿನಲ್ಲಿ ನಿಂತಿದ್ದಾಗ, ಇದನ್ನು ಗಟ್ಟಿಯಾಗಿ ಓದಿದರೆ ಯಾರು ಏನೆಂದುಕೊಳ್ಳುತ್ತಾರೋ ಎಂದು ಹೆದರಿ, ಪೆನ್ನು ತೆಗೆದು ಎರಡನೆಯ ಹೆಸರನ್ನು ಹೊಡೆದುಹಾಕಿದೆ. ನನಗೆ ಜಪಮಾಲೆ ಕಲಿಸಿದವಳ ಹೆಸರನ್ನು ನಾನೇ ಹೊಡೆದುಹಾಕಿದೆ. ಈ ವರ್ಷದ ಚೀಟಿ ಈಗಾಗಲೇ ಸಿದ್ಧವಾಗಿದೆ. ಓದುವವರು ತಡವರಿಸದಿರಲಿ ಎಂದು ಅವಳ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬಿಡಿಬಿಡಿಯಾಗಿ ಬರೆದಿದ್ದೇನೆ.

ಇಂತು,
ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ, ಮೈಸೂರು